ಪ್ರೂಫ್ ಕಳಿಸಿದ್ಮೇಲೆ ಬರೋ 'ಓಕೆ'

ನಂದು ಡಿಟಿಪಿ ಕೆಲಸ, ಅಂದ್ರೆ ಕಂಪ್ಯೂಟರಲ್ಲಿ ಪುಟ ಜೋಡಿಸೋದು, ಜೊತೆಗೆ ಸ್ವಲ್ಪ ಡಿಸೈನು. ನಮ್ ಫೀಲ್ಡಲ್ಲಿ ತುಂಬಾ ಹುಷಾರಾಗಿ ನೋಡ್ಬೇಕಾದ ಪದ ಅಂದ್ರೆ ಓಕೆ. ಪ್ರೂಫ್, ಅಂದ್ರೆ ಪ್ರಿಂಟಿಗೆ ಮುಂಚೆ ತಪ್ಪು ನೋಡೋಕೆ ಕೊಡೋ ಪ್ರತಿ, ಪಿಡಿಎಫ್ ಮಾಡಿ ಕಳಿಸ್ತೀವಿ, ಆ ಕಡೆಯಿಂದ 'ಓಕೆ' ಅಂತ ಬರತ್ತೆ, ಅಷ್ಟೇ. ಈಗ ಇದು 'ಫೈಲ್ ಬಂತು, ಆಮೇಲೆ ನೋಡ್ತೀನಿ' ಅನ್ನೋ ಓಕೆನಾ, 'ಮೇಲ್ಮೇಲೆ ನೋಡ್ದೆ, ಪರವಾಗಿಲ್ಲ' ಅನ್ನೋ ಓಕೆನಾ, ಇಲ್ಲಾ 'ಪೂರ್ತಿ ಓದಿದೀನಿ, ಪ್ರಿಂಟ್ ಹಾಕಿ' ಅನ್ನೋ ಓಕೆನಾ? ಎದುರಿಗಿದ್ರೆ ದನಿಯಲ್ಲೇ ಗೊತ್ತಾಗ್ಬಿಡತ್ತೆ, ಮೆಸೇಜಲ್ಲಿ ದನಿ ಎಲ್ಲಿಂದ ಬರ್ಬೇಕು. ನಮ್ ಮಾತಲ್ಲೇ ನೋಡಿ, 'ಬಾಸ್ ಓಕೆ ಮಾಡಿದ್ರು' ಅಂದ್ರೆ ಒಪ್ಪಿಗೆ ಸಿಕ್ತು ಅಂತ, ಅದೇ 'ಡಿಸೈನ್ ಓಕೆ ಓಕೆ' ಅಂದ್ರೆ ಅಷ್ಟೇನೂ ಹಿಡಿಸ್ಲಿಲ್ಲ ಅಂತ!

ಒಂದ್ಸಲ ಒಬ್ರು ಕ್ಲೈಂಟಿಗೆ ಬ್ರೋಶರ್ ಪ್ರೂಫ್ ಕಳಿಸಿದ ತಕ್ಷಣ ಓಕೆ ಬಂತು, ಜೊತೆಗೊಂದು ಹೆಬ್ಬೆರಳು. ಅಷ್ಟು ಪುಟ ಅಷ್ಟು ಬೇಗ ಯಾರು ಓದ್ತಾರೆ ಹೇಳಿ? 'ಸರ್, ಕೊನೇ ಪುಟದ ಫೋನ್ ನಂಬರ್ ಚೆಕ್ ಮಾಡಿದ್ರಾ, ಪ್ಲೇಟಿಗೆ ಕಳಿಸ್ಲಾ?' ಅಂತ ಕೇಳ್ದೆ (ಪ್ಲೇಟ್ ಅಂದ್ರೆ ಪ್ರಿಂಟಿಂಗ್ ಮಷಿನ್ನಿಗೆ ಹಾಕೋ ಅಚ್ಚಿನ ತಗಡು). 'ಅಯ್ಯೋ ಇರಿ ಇರಿ, ಇನ್ನೂ ಓಪನ್ನೇ ಮಾಡಿಲ್ಲ' ಅಂತ ವಾಯ್ಸ್ ಮೆಸೇಜ್ ಬಂತು. ಆಮೇಲೆ ನೋಡಿದ್ರೆ ಅವ್ರೇ ಕೊಟ್ಟಿದ್ದ ಮ್ಯಾಟರಲ್ಲಿ ಇದ್ದಿದ್ದು ಹಳೇ ನಂಬರ್, ಪ್ಲೇಟಾಗಿ ಮಷಿನ್ನಿಗೆ ಏರಿದ್ರೆ ಪೇಪರೆಲ್ಲಾ ರದ್ದಿ.

ತಮಾಷೆ ಅಂದ್ರೆ ಪ್ರೂಫ್ ತಿದ್ದೋರು 'ಎಲ್ಲಾ ಸರಿ ಇದೆ' ಅಂತ ಹಾಕೋ ಈ ಪದ ಹುಟ್ಟಿದ್ದೇ ಸ್ಪೆಲ್ಲಿಂಗ್ ತಪ್ಪಿಂದ, ಅದೂ ಬೇಕಂತಲೇ ಮಾಡಿದ ತಪ್ಪು. 1830ರ ದಶಕದ ಕೊನೇಲಿ ಅಮೆರಿಕದ ಪೇಪರ್‌ನೋರಿಗೆ ಪದಗಳನ್ನ ತಪ್ಪು ತಪ್ಪಾಗಿ ಬರೆದು ಅದನ್ನ ಶಾರ್ಟ್ ಮಾಡೋ ಹುಚ್ಚಿತ್ತು. 'ಆಲ್ ಕರೆಕ್ಟ್' ಅನ್ನೋದನ್ನ ಓ ಮತ್ತೆ ಕೆ ಅಕ್ಷರದಿಂದ 'ಓಲ್ ಕೊರೆಕ್ಟ್' ಅಂತ ಮಾಡಿ 1839 ಮಾರ್ಚ್ 23ರ ಬೋಸ್ಟನ್ ಮಾರ್ನಿಂಗ್ ಪೋಸ್ಟಲ್ಲಿ ಓಕೆ ಅಂತ ಹಾಕಿದ್ರು. ಅಂಥ ಜೋಕುಗಳೆಲ್ಲಾ ಸತ್ತೋದ್ವು, ಇದೊಂದು ಬದುಕ್ಕೊಳ್ತು, ಯಾಕಂದ್ರೆ 1840ರ ಚುನಾವಣೇಲಿ ಆಗಿನ ಅಮೆರಿಕದ ಅಧ್ಯಕ್ಷ ಮಾರ್ಟಿನ್ ವ್ಯಾನ್ ಬ್ಯೂರನ್ ಕಡೆಯೋರು ಅವ್ರ ಊರು ಕಿಂಡರ್‌ಹುಕ್ ಹೆಸರಿಂದ 'ಓಲ್ಡ್ ಕಿಂಡರ್‌ಹುಕ್' ಅಂತ ಅಡ್ಡಹೆಸರು ಹಿಡ್ಕೊಂಡು ಓಕೆ ಕ್ಲಬ್ಬೇ ಮಾಡಿದ್ರು. ವ್ಯಾನ್ ಬ್ಯೂರನ್ ಸೋತ್ರು, ಪದ ಗೆಲ್ತು. ಇದನ್ನೆಲ್ಲಾ ಹಳೇ ಪೇಪರ್ ಕೆದಕಿ ಹೊರಗೆ ತೆಗೆದಿದ್ದು ಆಲನ್ ವಾಕರ್ ರೀಡ್ ಅನ್ನೋ ವಿದ್ವಾಂಸರು, 1960ರ ದಶಕದಲ್ಲಿ ಸಾಲಾಗಿ ಲೇಖನ ಬರೆದ್ರು.

ನಾನಂತೂ ಈಗ ಪ್ರೂಫ್ ಜೊತೆಗೇ ಕೇಳ್ಬಿಡ್ತೀನಿ, 'ಪ್ರಿಂಟಿಗೆ ಓಕೆ' ಅಥ್ವಾ 'ತಿದ್ದುಪಡಿ ಇದೆ', ಎರಡರಲ್ಲಿ ಒಂದು ಬರೆದು ಕಳಿಸಿ ಅಂತ. ಇಂಗ್ಲಿಷ್ ಪ್ರೂಫಲ್ಲಿ 'ಓಕೆ ವಿತ್ ಕರೆಕ್ಷನ್ಸ್' ಅಂತ ಬರೆಯೋ ರೂಢಿನೂ ಇದೆ, ಗುರುತು ಹಾಕಿದ್ದನ್ನ ತಿದ್ದಿ ಮುಂದೆ ಹೋಗಿ, ಮತ್ತೆ ತೋರಿಸ್ಬೇಕಾಗಿಲ್ಲ ಅಂತರ್ಥ, ನಂಗದು ಭಾರೀ ಇಷ್ಟ. ಇಷ್ಟು ಕೇಳಿದ್ಮೇಲೂ ಬರೀ 'ಓಕೆ' ಅಂತ ಕಳಿಸೋರು ಇದ್ದೇ ಇದಾರೆ, ಅವ್ರಿಗೆ ಫೋನೇ ಮಾಡ್ಬೇಕು.