ನಾನು ಗುಡ್ಡ ಹತ್ತಿದೆ, ಇವರು ಹೊಳೆ ದಂಡೆ ಹಿಡಿದರು

ಪುಣೆಗೆ ಮರಳಿದ ಮೇಲೆ ಇಲ್ಲಿಯ ಕನ್ನಡ ಗೆಳತಿಯರು ಕೇಳಿದ್ದು ಎರಡೇ ಪ್ರಶ್ನೆ. ನಮ್ಮದಲ್ಲದ ಯಾತ್ರೆಗೆ ಫ್ರಾನ್ಸ್ ತನಕ ಯಾಕೆ ಹೋದಿರಿ? ಜೋಡಿಯಾಗಿ ಹೋಗಿ ಬೇರೆ ಬೇರೆ ದಾರಿ ಹಿಡಿದಿರಂತೆ, ಹೌದೇನು?

ಮೊದಲನೆಯದಕ್ಕೆ ಉತ್ತರ ಭವಾನಿ ಪೇಠೆಯಲ್ಲಿದೆ. ಆಳಂದಿಯಿಂದ ಪಂಢರಪುರಕ್ಕೆ ಹೊರಟ ಸಂತ ಜ್ಞಾನೇಶ್ವರರ ಪಾಲಖಿ (ಪಲ್ಲಕ್ಕಿ) ಪುಣೆಯಲ್ಲಿ ತಂಗುವುದು ಅಲ್ಲೇ. ತುಕಾರಾಮರದು ನಾನಾ ಪೇಠೆಯಲ್ಲಿ. ಮದುವೆಯಾಗಿ ಧಾರವಾಡದಿಂದ ಬಂದಾಗಿನಿಂದ ಪಾಲಖಿಯ ಜೊತೆ ನಡೆಯುವ ವಾರಕರಿಗಳಿಗೆ ಚಹಾ, ಬಾಳೆಹಣ್ಣು ಹಂಚುತ್ತ ಬಂದಿದ್ದೇನೆ. ಅವರ ಹರಿದ ಚಪ್ಪಲಿ ಹೊಲಿದುಕೊಡುವ ಮೋಚಿಗಳು ಕಾಸು ಮುಟ್ಟುವುದಿಲ್ಲ. ನಡೆಯುವವರಿಗಾಗಿ ಒಂದು ಇಡೀ ಊರು ಹೀಗೆ ಬಾಗಿಲು ತೆರೆಯುವುದನ್ನು ನೋಡಿ ನೋಡಿ, ಒಮ್ಮೆ ಹೊಸ್ತಿಲ ಆಚೆ ನಿಲ್ಲಬೇಕು ಅನ್ನಿಸಿತ್ತು. ಆ ಕಾಲ್ನಡಿಗೆಯ ಯಾತ್ರೆ, ವಾರಿಯಲ್ಲಿ ನಡೆದೆ. ಬೇರೆ ನಾಡಿನ ಮಂದಿ ಹೇಗೆ ನಡೆಯುತ್ತಾರೆ, ಹೇಗೆ ಉಣಬಡಿಸುತ್ತಾರೆ ಅನ್ನುವ ಹಂಬಲ ಹುಟ್ಟಿದ್ದು ಆಮೇಲೆ.

ಸ್ಪೇನಿನ ಸಾಂತಿಯಾಗೊ ಎಂಬ ಕ್ರೈಸ್ತರ ಯಾತ್ರಾಸ್ಥಳಕ್ಕೆ ಹೋಗುವ ಹಳೆಯ ಹಾದಿಗಳಲ್ಲಿ ಒಂದು ಫ್ರಾನ್ಸಿನ ಲ ಪುಯಿ ಎಂಬ ಊರಿನಿಂದ ಶುರುವಾಗುತ್ತದೆ. ಅಲ್ಲಿಯ ಬಿಷಪ್ ಗೊಡೆಸ್ಕಾಲ್ಕ್ 950ರಲ್ಲೇ ಯಾತ್ರೆ ಹೊರಟಿದ್ದರು. ಇಂದಿಗೂ ಬೆಳಗಿನ ಏಳು ಗಂಟೆಯ ಪೂಜೆ ಮುಗಿದ ಮೇಲೆ ಕೆಥೆಡ್ರಲ್‌ನಲ್ಲಿ ಯಾತ್ರಿಕರನ್ನು ಹರಸಿ ಕಳಿಸುತ್ತಾರೆ. ನಾವು ಗಂಡ-ಹೆಂಡತಿ ಇಬ್ಬರೂ ಆ ಹರಕೆ ಪಡೆದೆವು, ಇವರ ಕೈಯಲ್ಲಿ ಸೈಕಲ್ ಹೆಲ್ಮೆಟ್ ಇತ್ತು.

ಇವರ ಮೊಣಕಾಲು ಸವೆದಿದೆ. ಏರು ಹೇಗೋ ಆಗುತ್ತದೆ, ಇಳಿಜಾರು ಆಗುವುದಿಲ್ಲ. ಸೈಕಲ್ ಮಾತ್ರ ನೋವು ಕೊಡುವುದಿಲ್ಲ. ಪುಣೆಯನ್ನು ಸೈಕಲ್ಲುಗಳ ಊರು ಅನ್ನುತ್ತಿದ್ದ ಕಾಲದಲ್ಲಿ ಪಿಂಪ್ರಿಯ ಕಾರ್ಖಾನೆಗೆ ದಿನವೂ ತುಳಿದುಕೊಂಡು ಹೋದವರು ಇವರು. ನಾನು ಯಾತ್ರೆಯ ವಿಚಾರವನ್ನೇ ಕೈಬಿಡೋಣ ಅಂದಾಗ, "ನೀ ನಡಿ. ನಾ ಸೈಕಲ್ ಮ್ಯಾಲೆ ಬರ್ತೀನಿ, ನಿನ್ನ ಗಂಟೂ ನಾನ ಹೊರತೀನಿ" ಅಂದರು. ಹಾಗೇ ಆಯಿತು. ಇಬ್ಬರ ಬಟ್ಟೆಬರೆ ಸೈಕಲ್ಲಿನ ಎರಡು ಚೀಲಗಳಲ್ಲಿ. ನನ್ನ ಬೆನ್ನಿಗೆ ನೀರು, ಬ್ರೆಡ್ಡು, ಮಳೆಕೋಟು ಇಷ್ಟೇ.

ಕಾಲುದಾರಿಗೆ ಮರದ ಮೇಲೆ, ಕಲ್ಲಿನ ಮೇಲೆ ಬಿಳಿ-ಕೆಂಪು ಪಟ್ಟಿಗಳೇ ಗುರುತು; ಅವೆರಡೂ ಕತ್ತರಿಯಾಗಿ ಕಂಡರೆ ಅದು ನಮ್ಮ ದಾರಿಯಲ್ಲ ಎಂದರ್ಥ. ನೀರು ಬೇಕಾದರೆ ಊರಿನ ಸ್ಮಶಾನಕ್ಕೆ ಹೋಗಬೇಕು. ಗೋರಿಗಳ ಮೇಲಿನ ಹೂಗಿಡಗಳಿಗೆಂದು ಅಲ್ಲಿ ನಲ್ಲಿ ಇರುತ್ತದೆ, ಯಾತ್ರಿಕರು ಅದರಲ್ಲೇ ಬಾಟಲಿ ತುಂಬುತ್ತಾರೆ. ಮೊದಲ ಸಲ ನನ್ನ ಮನಸ್ಸು ಒಪ್ಪಲಿಲ್ಲ. ಬಿಸಿಲು ಒಪ್ಪಿಸಿತು.

ನಾಸ್ಬಿನಾಲ್ ಎಂಬ ಹಳ್ಳಿಯಲ್ಲಿ ಇವರು ನನಗಿಂತ ಮುಂಚೆ ತಲುಪಿ ಒಂದು ಸ್ಮಾರಕದ ಮುಂದೆ ನಿಂತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿದ್ದ ಪಿಯರ್ ಬ್ರಿಯೂದ್ ರಸ್ತೆ ಕೆಲಸದವನು. ಎಲುಬು-ಕೀಲು ಕೂಡಿಸುವುದರಲ್ಲಿ ಎಂಥ ಹೆಸರು ಮಾಡಿದ್ದನೆಂದರೆ ದೂರದೂರದಿಂದ ಕುಂಟುವವರು ಬರುತ್ತಿದ್ದರಂತೆ. ಇವರು ಕೈ ಮುಗಿದರು. ನಾನೂ ಮುಗಿದೆ, ಇವರ ಮೊಣಕಾಲಿಗಾಗಿ.

ಅದರ ಮುಂದಿನದೇ ಓಬ್ರಾಕ್, ಸುಮಾರು 1,300 ಮೀಟರ್ ಎತ್ತರದ ಬಯಲು. ಗಿಡಮರವಿಲ್ಲ, ಹುಲ್ಲು, ಕಲ್ಲಿನ ಗೋಡೆ, ಕಣ್ಣಿಗೆ ಕಾಡಿಗೆ ತೀಡಿಸಿಕೊಂಡಂತಿರುವ ಕಂದು ಹಸುಗಳು. ಹನ್ನೆರಡನೆಯ ಶತಮಾನದಲ್ಲಿ ಇಲ್ಲಿ ಯಾತ್ರಿಕರ ಆಶ್ರಯಧಾಮ ಕಟ್ಟಿದರು. ಮಂಜು ಕವಿದಾಗ, ಹಿಮ ಬಿದ್ದಾಗ ದಾರಿ ತಪ್ಪಿದವರಿಗಾಗಿ ಗಂಟೆ ಬಾರಿಸುತ್ತಿದ್ದರು. ಆ ಗಂಟೆಗೆ ಕಳೆದುಹೋದವರ ಗಂಟೆ ಎಂದೇ ಹೆಸರು. ಪರಊರಿನ, ಗುರುತೇ ಇಲ್ಲದ ಯಾರೋ ಒಬ್ಬ ಬದುಕಲಿ ಎಂದು ಚಳಿಯಲ್ಲಿ ಹಗ್ಗ ಜಗ್ಗುತ್ತ ನಿಂತವನನ್ನು ನೆನೆದು ನನ್ನ ಕಣ್ಣು ತುಂಬಿತ್ತು. ಆ ರಾತ್ರಿ ಆಲಿಗೊ ಉಂಡೆವು: ಹಿಸುಕಿದ ಆಲೂಗಡ್ಡೆಗೆ ಎಳೆಯ ಚೀಸ್, ಬೆಳ್ಳುಳ್ಳಿ ಹಾಕಿ ಎಳೆ ಎಳೆಯಾಗುವವರೆಗೆ ಮಗುಚುತ್ತಾರೆ. ಮಾಂಸ ತಿನ್ನದ ನಮಗೆ ಅದೇ ಹಬ್ಬದೂಟ.

ಗೆಳತಿಯರ ಎರಡನೇ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಎಸ್ತಾಂ ದಾಟಿದ ಮೇಲೆ. ಅಲ್ಲಿಂದ ಕಾಲುದಾರಿ ಗೊಲಿನ್ಯಾಕ್ ಗುಡ್ಡ ಹತ್ತುತ್ತದೆ. ಸೈಕಲ್ಲಿಗೆ ಅನುಕೂಲವಾದ ರಸ್ತೆ ಲೊತ್ ನದಿಯ ಜೊತೆಗೇ ಆಂತ್ರೇಗ್ ಕಡೆ ಹೋಗುತ್ತದೆ. ಎರಡೂ ಸೇರುವುದು ಕೋಂಕ್‌ನಲ್ಲಿ. ಅಂದರೆ ಒಂದು ರಾತ್ರಿ ಬೇರೆ ಬೇರೆ. ಗೊಲಿನ್ಯಾಕ್‌ನ ಊಟದ ಮೇಜಿನಲ್ಲಿ ನಿನ್ನ ಗಂಡ ಎಲ್ಲಿ ಎಂದು ಎಲ್ಲರೂ ಕೇಳಿದರು. ಕಿಟಕಿಯಿಂದ ಕೆಳಗಿನ ಕತ್ತಲನ್ನು ತೋರಿಸಿದೆ. ಇಷ್ಟು ವರ್ಷದ ಸಂಸಾರದಲ್ಲಿ ಇವರು ಈಗ ಏನು ನೋಡುತ್ತಿರಬಹುದು ಎಂದು ಅಷ್ಟು ಹೊತ್ತು ನಾನು ಯೋಚಿಸಿದ್ದೇ ಇಲ್ಲ.

ಮರುದಿನ ನಾನು ಮೇಲಿನಿಂದ, ಕಲ್ಲು ತುಂಬಿದ ಕಡಿದಾದ ಇಳಿಜಾರಿನಲ್ಲಿ ಕೋಂಕ್‌ಗೆ ಇಳಿದೆ. ಇವರು ಕೆಳಗಿನಿಂದ ಸೈಕಲ್ ತಳ್ಳಿಕೊಂಡು ಬಂದರು. ಸಾಂತ್ ಫುವಾ ದೇಗುಲದ ಬಾಗಿಲ ಮೇಲೆ ಕೊನೆಯ ತೀರ್ಪಿನ ಶಿಲ್ಪವಿದೆ. ಒಂದು ಕಡೆ ಸ್ವರ್ಗ, ಇನ್ನೊಂದು ಕಡೆ ನರಕ, ಕಮಾನಿನ ಅಂಚನ್ನು ಬೆರಳಲ್ಲಿ ಹಿಡಿದು ಇಣುಕುವ ಪುಟ್ಟ ಪುಟ್ಟ ಮುಖಗಳು. ಅದರ ಕೆಳಗೇ ಮೆಟ್ಟಿಲ ಮೇಲೆ ಕುಳಿತು ಒಬ್ಬರ ಮಾತನ್ನೊಬ್ಬರು ಕತ್ತರಿಸುತ್ತ ಹೇಳಿಕೊಂಡದ್ದೇ ಹೇಳಿಕೊಂಡದ್ದು. ಆಂತ್ರೇಗ್‌ನಲ್ಲಿ ತ್ರುಯೇರ್ ನದಿ ಬಂದು ಲೊತ್ ಸೇರುವುದನ್ನು ನೋಡುತ್ತ ಇವರಿಗೆ ಕೂಡಲ ಸಂಗಮ ನೆನಪಾಯಿತಂತೆ, ಕತ್ತಲಾಗುವವರೆಗೂ ಎದ್ದಿರಲಿಲ್ಲವಂತೆ. ನಾನು ಚೆಸ್ಟ್‌ನಟ್ ಕಾಡಿನ ಬಗ್ಗೆ ಹೇಳಿದೆ. ದೇಗುಲದ ಒಳಗೆ ಚಿತ್ರಕಾರ ಪಿಯರ್ ಸುಲಾಜ್ ಮಾಡಿದ, 1994ರಲ್ಲಿ ಕೂಡಿಸಿ ಮುಗಿಸಿದ ಬಣ್ಣವಿಲ್ಲದ ಗಾಜಿನ ಕಿಟಕಿಗಳಿವೆ. ಬಣ್ಣದ ಚಿತ್ರಗಳಿರಬೇಕಿತ್ತು ಅನ್ನುವವರಿದ್ದಾರೆ. ನನಗೆ ಆ ಸಾದಾ ಬೆಳಕೇ ಇಷ್ಟವಾಯಿತು.

ಮ್ವಾಸಾಕ್ ದಾಟಿದ ಮೇಲೆ ಕಾಲುವೆಯ ದಂಡೆಯ ದಾರಿ, ಎರಡೂ ಬದಿ ಪ್ಲೇನ್ ಮರಗಳು, ಒಂದಿಷ್ಟೂ ಏರಿಳಿತವಿಲ್ಲ. ಅಲ್ಲಿ ನಡೆಯುವವರೂ ಸೈಕಲ್ಲಿನವರೂ ಒಟ್ಟಿಗೇ ಹೋಗಬಹುದು. ಇಬ್ಬರೂ ಅಕ್ಕಪಕ್ಕ ಹೊರಟೆವು. ನಾನು ನಡಿಗೆ ಜೋರು ಮಾಡಿದೆ, ಇವರು ತುಳಿತ ನಿಧಾನ ಮಾಡಿದರು. ಲಾಕ್‌ಗೇಟ್ ನೋಡಿದರೆ ಇಬ್ಬರೂ ಅದನ್ನೇ ನೋಡಿದೆವು, ದೋಣಿ ಬಂದರೆ ಅದನ್ನೇ. ಮಧ್ಯಾಹ್ನ ಬ್ರೆಡ್ಡು ತಿಂದಾದ ಮೇಲೆ, "ನೀವು ಮುಂದ ನಡೀರಿ" ಅಂದೆ, "ಓವಿಲಾರ್‌ದಾಗ ಕಾಳು ಮಾರುವ ದುಂಡನೆಯ ಸಂತೆಕಟ್ಟೆ ಐತೆಂತ, ನೋಡಿಟ್ಟು ರಾತ್ರಿ ಹೇಳ್ರಿ." ಇವರು ಕೂಡಲೇ ಪೆಡಲ್ ಮೇಲೆ ಕಾಲಿಟ್ಟರು.