ಸ್ಟಾರ್ ಬಿದ್ದ ದಿನ ಗೆದ್ದ ತಂಡ

ನಮ್ಮ ಮನೆಯಲ್ಲಿ ಕ್ರಿಕೆಟ್‌ಗಿಂತ ಜಿಮ್ನಾಸ್ಟಿಕ್ಸ್ ಜಾಸ್ತಿ ನೋಡುತ್ತೇವೆ ಅಂದರೆ ಬಾಗಲಕೋಟೆಯಲ್ಲಿ ಯಾರೂ ನಂಬುವುದಿಲ್ಲ. ಇದಕ್ಕೆಲ್ಲ ಕಾರಣ ನಮ್ಮ ಸೋದರಮಾವ. ತುಳಸಿಗೇರಿಯವರು. ಹರೆಯದಲ್ಲಿ ಮಲ್ಲಕಂಬ ಹತ್ತಿದವರು. ಈಗ ನವನಗರದಲ್ಲಿ ನಮ್ಮ ಜೊತೆಗೇ ಇದ್ದಾರೆ. ಕಾಲು ಮಡಚಿ ಸೋಫಾ ಮೇಲೆ ಕೂತು, ಜಗತ್ತಿನ ಹುಡುಗರು ಲಾಗ ಹಾಕಿ ಇಳಿಯುವಾಗ ಪಾದ ಎಲ್ಲಿ ಜಾರಿತು ಅಂತ ಹುಡುಕುತ್ತಾರೆ. ನನಗೂ ಅವರಿಗೂ ಇಷ್ಟದ ತಂಡ ಒಂದೇ, ಜಪಾನಿನ ಗಂಡಸರ ತಂಡ. ಯಾಕೆ ಇಷ್ಟ ಅನ್ನುವುದರಲ್ಲಿ ಮಾತ್ರ ಒಮ್ಮತ ಇಲ್ಲ.

ಮಾವನಿಗೆ ಉಚಿಮುರಾ ಕೊಹೇಯಿ ದೇವರು. ಇರಲಿ, ಅದರಲ್ಲೇನೂ ತಪ್ಪಿಲ್ಲ. 2009ರಿಂದ 2015ರವರೆಗೆ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಆಲ್‌ರೌಂಡ್ ಪ್ರಶಸ್ತಿ, ಅಂದರೆ ಆರೂ ಉಪಕರಣದ ಅಂಕ ಕೂಡಿಸಿ ಕೊಡುವುದು, ಒಲಿಂಪಿಕ್ಸ್ ವರ್ಷ 2012 ಬಿಟ್ಟು ಸತತ ಆರು ಸಲ ಗೆದ್ದ ಮನುಷ್ಯ. ಲಂಡನ್, ರಿಯೊ ಎರಡೂ ಒಲಿಂಪಿಕ್ಸ್‌ನಲ್ಲಿ ಆಲ್‌ರೌಂಡ್ ಚಿನ್ನ. ಆದರೆ ನಾನು ಹೇಳುವುದು ಬೇರೆ, ಗೆಲ್ಲಿಸುವುದು ಒಬ್ಬ ಸ್ಟಾರ್ ಅಲ್ಲ, ಇಡೀ ತಂಡ. ಅವನು ಜಗತ್ತಿನಲ್ಲೇ ನಂಬರ್ ಒನ್ ಆಗಿದ್ದ ಆ ವರ್ಷಗಳಲ್ಲಿ ಜಪಾನ್ ತಂಡಕ್ಕೆ ಸಿಕ್ಕಿದ್ದೇನು? 2010 ಬೆಳ್ಳಿ, 2011 ಬೆಳ್ಳಿ, 2012 ಬೆಳ್ಳಿ, 2014 ಮತ್ತೆ ಬೆಳ್ಳಿ. ಪ್ರತಿ ಸಲ ಮೇಲೆ ನಿಂತಿದ್ದು ಚೀನಾ. 2014ರಲ್ಲಿ ನಾನ್ನಿಂಗ್‌ನಲ್ಲಂತೂ ಸೋತ ಅಂತರ ಬರೀ 0.1.

ಕೊನೆಗೆ ಗೆದ್ದಿದ್ದು 2015ರಲ್ಲಿ, ಗ್ಲಾಸ್ಗೋದಲ್ಲಿ. 1978ರ ನಂತರ ಮೊದಲ ತಂಡದ ವಿಶ್ವ ಪ್ರಶಸ್ತಿ. ಆ ದಿನ ಕೊನೆಯ ಉಪಕರಣ ಹೈ ಬಾರ್, ಎತ್ತರದಲ್ಲಿ ಅಡ್ಡಕ್ಕೆ ಹಾಕಿದ ಒಂಟಿ ಸರಳು. ಅಲ್ಲಿ ಉಚಿಮುರಾ ಬಾರ್ ಬಿಟ್ಟು ಹಾರಿದ, ಮತ್ತೆ ಹಿಡಿಯಲು ಹೋದ, ಕೈಗೆ ಸಿಗಲಿಲ್ಲ, ಬಿದ್ದ. ಆದರೂ ಬ್ರಿಟನ್ನಿಗಿಂತ ಅರ್ಧ ಅಂಕಕ್ಕೂ ಕಡಿಮೆ ಅಂತರದಲ್ಲಿ ಜಪಾನ್ ಉಳಿದುಕೊಂಡಿತು. ಉಳಿದವರು ಅಷ್ಟು ಕೂಡಿಸಿ ಇಟ್ಟಿದ್ದರು. ಇದನ್ನು ಹೇಳಿದರೆ ಮಾವ "ಅಂವಾ ಐದು ಉಪಕರಣದಾಗ ಗಳಿಸಿದ್ದು ಯಾರ ಲೆಕ್ಕಕ್ಕ ಹಾಕ್ತಿ ತಂಗಿ?" ಅನ್ನುತ್ತಾರೆ. ಅದೂ ಸರಿಯೇ. ಆದರೂ ನಾನು ಬಿಡುವುದಿಲ್ಲ.

ಯಾಕೆ ಅಂದರೆ ಪ್ಯಾರಿಸ್ ಇದೆ. 2024ರ ಜುಲೈ 29. ನಮ್ಮಲ್ಲಿ ರಾತ್ರಿ ಒಂಬತ್ತಕ್ಕೆ ಶುರುವಾಯಿತು. ತಂಡದ ಫೈನಲ್‌ನ ಲೆಕ್ಕ ಸರಳ, ಆದರೆ ಕರುಣೆ ಇಲ್ಲದ್ದು. ಐದು ಜನರ ತಂಡ. ಒಂದೊಂದು ಉಪಕರಣಕ್ಕೂ ಮೂವರು ಹತ್ತುತ್ತಾರೆ, ಮೂವರ ಅಂಕವೂ ಎಣಿಕೆಗೆ ಬರುತ್ತದೆ. ಒಬ್ಬ ಕೆಡಿಸಿದರೆ ಅವನ ಅಂಕ ತೆಗೆದು ಬೇರೆಯವನದ್ದು ಇಡುವ ಹಾಗಿಲ್ಲ. ಬಿದ್ದರೆ ನೇರವಾಗಿ ಒಂದು ಅಂಕ ಹೋಯಿತು. ಆ ಬೀಳುವಿಕೆಯಲ್ಲಿ ಮಾಡುತ್ತಿದ್ದ ಕಸರತ್ತೇ ಅರ್ಧಕ್ಕೆ ನಿಂತರೆ, ಅದು ಎಷ್ಟು ಕಷ್ಟದ್ದು ಅಂತ ಸಿಗುವ ಅಂಕವೂ ಹೋಗುತ್ತದೆ. ಇಳಿಯುವಾಗ ಒಂದು ಸಣ್ಣ ಹೆಜ್ಜೆ ಇಟ್ಟರೆ 0.1. ಅದಕ್ಕಿಂತ ಹಿಂದಿನ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಜಪಾನ್ ರಷ್ಯನ್ನರಿಗೆ ಸೋತಿದ್ದು 0.103ರಿಂದ. ಆರು ಉಪಕರಣ, ಹದಿನೆಂಟು ಸಲ ಹತ್ತಿ ಇಳಿದು, ಕೊನೆಗೆ ಉಳಿದ ವ್ಯತ್ಯಾಸ ಒಂದು ಹೆಜ್ಜೆಯಷ್ಟು.

ಪ್ಯಾರಿಸ್‌ನಲ್ಲಿ ಜಪಾನಿನ ಸ್ಟಾರ್ ಹಾಶಿಮೊಟೊ ಡೈಕಿ. ಟೋಕಿಯೊದ ಆಲ್‌ರೌಂಡ್ ಚಾಂಪಿಯನ್. ಅವನು ಪಾಮೆಲ್ ಹಾರ್ಸ್‌ನಿಂದ, ಅಂದರೆ ಎರಡು ಹಿಡಿಕೆ ಇರುವ ದಿಮ್ಮಿಯಂಥ ಉಪಕರಣದಿಂದ, ಬಿದ್ದ. ಮಾವ ಎದ್ದು ನೀರು ಕುಡಿಯೋಕೆ ಹೋದರು. ಅವರಿಗೆ ಆಟ ಮುಗಿದ ಹಾಗೇ. ನಾನು ಕೂತೇ ಇದ್ದೆ. ಓಕಾ ಶಿನ್ನೊಸುಕೆ, ಸುಗಿನೊ ತಕಾಕಿ, ತನಿಗಾವಾ ವತಾರು, ಕಯಾ ಕಾಜುಮಾ. ಈ ನಾಲ್ವರು ಒಂದೊಂದೇ ಉಪಕರಣದ ಮೇಲೆ ಹತ್ತಿ, ಗದ್ದಲ ಇಲ್ಲದೆ ಕೆಲಸ ಮಾಡಿ ಇಳಿದರು. ಇಷ್ಟಾದರೂ ಕೊನೆಯ ಸುತ್ತಿಗೆ ಹೋಗುವಾಗ ಚೀನಾ ಮೂರು ಅಂಕಕ್ಕೂ ಮೇಲೆ ಮುಂದಿತ್ತು. ಈ ಆಟದಲ್ಲಿ ಮೂರು ಅಂಕ ಅಂದರೆ ಬಾಗಿಲು ಹಾಕಿ ಬೀಗ ಜಡಿದ ಹಾಗೆ.

ಆಮೇಲೆ ಹೈ ಬಾರ್. ಚೀನಾದ ಸೂ ವೈಡೆ ಎರಡನೆಯವನಾಗಿ ಹತ್ತಿದ. ಗಾಯಗೊಂಡ ಸುನ್ ವೈ ಬದಲಿಗೆ ಕೊನೇ ಗಳಿಗೆಯಲ್ಲಿ ತಂಡಕ್ಕೆ ಬಂದ ಹುಡುಗ. ಒಂದು ಸಲ ಬಿದ್ದ. ಮತ್ತೆ ಹತ್ತಿದ, ಮತ್ತೆ ಬಿದ್ದ. ಬಂದ ಅಂಕ 11.600. ಮಾವ ಅಷ್ಟರಲ್ಲಿ ವಾಪಸ್ ಬಂದು ನಿಂತೇ ನೋಡುತ್ತಿದ್ದರು. "ಪಾಪ, ಆ ಕೂಸಿನ ಮಾರಿ ನೋಡವಾ" ಅಂದರು. ನಿಜ, ಗೆಲುವಿನ ಖುಷಿಗಿಂತ ಮೊದಲು ಅವನ ಮುಖವೇ ಕಣ್ಣಿಗೆ ಕಟ್ಟಿತು. ಜಪಾನಿನ ಪರವಾಗಿ ಕೊನೆಯಲ್ಲಿ ಅದೇ ಬಾರ್ ಹತ್ತಿದ್ದು ಹಾಶಿಮೊಟೊ. ಈ ಸಲ ಬೀಳಲಿಲ್ಲ. ಜಪಾನ್ 259.594, ಚೀನಾ 259.062, ಅಮೆರಿಕಕ್ಕೆ ಕಂಚು. ಎರಡು ದಿನ ಆದಮೇಲೆ ಆಲ್‌ರೌಂಡ್ ಚಿನ್ನವನ್ನೂ ಗೆದ್ದಿದ್ದು ಸ್ಟಾರ್ ಹಾಶಿಮೊಟೊ ಅಲ್ಲ, ಓಕಾ.

ಜಪಾನಿನ ಹಳೇ ದಾಖಲೆ ಇನ್ನೂ ದೊಡ್ಡದು. 1960ರ ರೋಮ್‌ನಿಂದ 1976ರ ಮಾಂಟ್ರಿಯಲ್‌ವರೆಗೆ ಐದು ಒಲಿಂಪಿಕ್ಸ್, ಐದೂ ತಂಡದ ಚಿನ್ನ. 1962ರಿಂದ 1978ರವರೆಗಿನ ಐದು ವಿಶ್ವ ಪ್ರಶಸ್ತಿಗಳೂ ಅವರದ್ದೇ. ಆಮೇಲೆ ಬರ ಬಿತ್ತು. 1980ರಲ್ಲಿ ಬಹಿಷ್ಕಾರದಿಂದ ಮಾಸ್ಕೊಗೆ ಹೋಗಲಿಲ್ಲ. ಮುಂದಿನ ಮೂರು ಒಲಿಂಪಿಕ್ಸ್‌ನಲ್ಲಿ ಕಂಚು, 1996ರ ಅಟ್ಲಾಂಟಾದಲ್ಲಿ ಹತ್ತನೇ ಸ್ಥಾನ. 2004ರ ಅಥೆನ್ಸ್‌ನಲ್ಲಿ ಮತ್ತೆ ಚಿನ್ನ ಬಂದಾಗ ತಂಡದಲ್ಲಿ ಸುಕಹಾರಾ ನವೋಯಾ ಇದ್ದ. ಬರಕ್ಕೆ ಮೊದಲಿನ ಮಾಂಟ್ರಿಯಲ್ ಚಿನ್ನದಲ್ಲಿ ಅವನಪ್ಪ ಸುಕಹಾರಾ ಮಿತ್ಸುವೊ ಇದ್ದರು. ಇಂಥ ಅಪ್ಪ-ಮಗನ ಲೆಕ್ಕ ಮಾವನಿಗೆ ಬಲು ಪ್ರೀತಿ.

ಮಾಂಟ್ರಿಯಲ್ ಅಂದಕೂಡಲೇ ಎಲ್ಲರೂ ಫುಜಿಮೊಟೊ ಶುನ್ ಕಥೆ ಹೇಳುತ್ತಾರೆ. ಫ್ಲೋರ್ ಮೇಲೆ ಮೊಣಕಾಲು ಮುರಿಯಿತು, ಯಾರಿಗೂ ಹೇಳದೆ ಪಾಮೆಲ್ ಹಾರ್ಸ್ ಮಾಡಿದ, ಮೇಲಿಂದ ತೂಗುವ ರಿಂಗ್ಸ್ ಮಾಡಿ ಅದೇ ಕಾಲ ಮೇಲೆ ಇಳಿದ, ರಿಂಗ್ಸ್‌ಗೆ 9.7 ಬಂತು. ನನಗೆ ಈ ಕಥೆ ಕೇಳಿದರೆ ಹೆಮ್ಮೆಗಿಂತ ಹೊಟ್ಟೆ ತೊಳಸುವುದೇ ಜಾಸ್ತಿ. ಅವನು ಕೂತಮೇಲೆ ಏನಾಯಿತು ಅಂತ ಯಾರೂ ಹೇಳುವುದಿಲ್ಲ. ಆಗಿನ ನಿಯಮದಲ್ಲಿ ಆರು ಜನ ಹತ್ತಿ, ಒಳ್ಳೆಯ ಐದು ಅಂಕ ಹಿಡಿಯುತ್ತಿದ್ದರು. ಉಳಿದಿದ್ದೇ ಐದು ಜನ. ಅಂದರೆ ಬಾಕಿ ಉಪಕರಣಗಳಲ್ಲಿ ಒಬ್ಬನೂ ಕೆಡಿಸುವ ಹಾಗಿರಲಿಲ್ಲ, ಕೆಡಿಸಲೂ ಇಲ್ಲ. ಸೋವಿಯತ್ ತಂಡವನ್ನು 0.4ರಿಂದ ಸೋಲಿಸಿದರು. ಸಿನಿಮಾ ಮಾಡುವುದಾದರೆ ಆ ಐವರ ಮೇಲೆ ಮಾಡಬೇಕು ಅಂತ ನನ್ನ ವಾದ.

ಮಾವನಿಗೆ ಟಿವಿಯಲ್ಲಿ ಅತಿ ಇಷ್ಟದ ಜಾಗ ಬೇರೆಯೇ ಇದೆ. ಹತ್ತುವ ಮೊದಲು ಹುಡುಗರು ಕೈಗೆ ಬಿಳಿ ಪುಡಿ ತಿಕ್ಕಿಕೊಳ್ಳುತ್ತಾರಲ್ಲ, ಅದು. ಕ್ಯಾಮೆರಾ ಹತ್ತಿರ ಹೋದರೆ ಇವರೂ ಟಿವಿ ಹತ್ತಿರ ಹೋಗುತ್ತಾರೆ. ಮಲ್ಲಕಂಬಕ್ಕೆ ಇವರು ಔಡಲೆಣ್ಣೆ ಹಚ್ಚುತ್ತಿದ್ದರು. ಎಣ್ಣೆ ಇಲ್ಲದಿದ್ದರೆ ತೊಡೆ, ಕಂಕುಳ ಚರ್ಮ ಕಿತ್ತು ಬರುತ್ತದೆ. ಮಾವನ ಎಡ ಮೊಣಕೈ ಒಳಗೆ ಈಗಲೂ ಬಿಲ್ಲೆಯಷ್ಟಗಲ ನುಣ್ಣಗಿನ ಕಲೆ ಇದೆ, ಅಲ್ಲಿ ಕೂದಲು ಬರುವುದಿಲ್ಲ. ಪ್ಯಾರಲಲ್ ಬಾರ್‌ಗೆ ಕೆಲವರು ಪುಡಿ ಜೊತೆ ಜೇನುತುಪ್ಪವನ್ನೂ ಹಚ್ಚುತ್ತಾರೆ, ಕೈ ಜಾರದಿರಲಿ ಅಂತ. ಇದನ್ನು ಹೇಳಿದಾಗ ಮಾವ ಸ್ವಲ್ಪ ಹೊತ್ತು ಯೋಚನೆ ಮಾಡಿ ಕೇಳಿದರು, "ಮುಧೋಳದ ಬೆಲ್ಲ ಕರಗಿಸಿ ಹಚ್ಚಿದ್ರ ನಡೀತದೇನು?" ಸುಮ್ನೆ ಕೇಳಿದ್ದಲ್ಲ, ನಿಜವಾಗಿಯೇ ಕೇಳಿದ್ದರು.

ನಮ್ಮ ದೇಶದ ಮಾತು ಬಂದರೆ ಇಬ್ಬರೂ ಸ್ವಲ್ಪ ಮೆತ್ತಗಾಗುತ್ತೇವೆ. ನಮ್ಮ ಗಂಡುಮಕ್ಕಳು 1952, 1956, 1964ರ ಒಲಿಂಪಿಕ್ಸ್‌ಗೆ ಹೋಗಿ ಬಂದವರು. 2010ರಲ್ಲಿ ಅಲಹಾಬಾದ್‌ನ ಆಶಿಶ್ ಕುಮಾರ್ ದೆಹಲಿಯ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ ಓಡಿ ಬಂದು ಹಾರುವ ವಾಲ್ಟ್‌ಗೆ ಬೆಳ್ಳಿ, ಫ್ಲೋರ್‌ಗೆ ಕಂಚು ತಂದ. ಅದೇ ವರ್ಷ ಗುವಾಂಗ್ಝೌ ಏಷ್ಯನ್ ಗೇಮ್ಸ್‌ನಲ್ಲೂ ಫ್ಲೋರ್‌ನಲ್ಲಿ ಕಂಚು. ಒಬ್ಬ ಹುಟ್ಟುತ್ತಾನೆ, ಪಕ್ಕದಲ್ಲಿ ನಿಲ್ಲಲು ನಾಲ್ವರು ಸಿಗುವುದಿಲ್ಲ. ಮಲ್ಲಕಂಬಕ್ಕೆ ಒಂದು ಕಂಬ, ಒಂದು ಬಾಟಲಿ ಎಣ್ಣೆ ಇದ್ದರೆ ಹಳ್ಳಿಯಲ್ಲೇ ಶುರುಮಾಡಬಹುದು. ಜಿಮ್ನಾಸ್ಟಿಕ್ಸ್‌ಗೆ ಆರು ಉಪಕರಣ ಬೇಕು, ಕೆಳಗೆ ದಪ್ಪ ಹಾಸು ಬೇಕು, ಹೊಸ ಲಾಗ ಕಲಿಯುವಾಗ ಬೀಳೋಕೆ ಸ್ಪಂಜಿನ ಗುಂಡಿ ಬೇಕು. ಮಾವ ಇದನ್ನು ಒಪ್ಪುವುದಿಲ್ಲ. ತುಳಸಿಗೇರಿಯ ಹುಡುಗರನ್ನು ಎರಡು ವರ್ಷ ಪಾಮೆಲ್ ಹಾರ್ಸ್ ಮೇಲೆ ಬಿಡಲಿ, ಆಮೇಲೆ ಮಾತಾಡೋಣ ಅನ್ನುತ್ತಾರೆ. ಹಾರ್ಸ್ ಯಾರು ಕೊಡಿಸುತ್ತಾರೆ ಅಂತ ಕೇಳಿದರೆ ರಿಮೋಟ್ ತಗೊಂಡು ಚಾನೆಲ್ ಬದಲಿಸುತ್ತಾರೆ.