ಮಂಡಿಪೇಟೆಯಲ್ಲಿ ನೆನಪಾದ ಹೆಂಚರ್ಡ್

ಇಂದು ದಾವಣಗೆರೆಯ ಮಂಡಿಪೇಟೆಯನ್ನು ಹಾದು ಬರುವಾಗ, ಕಾಲೇಜಿನಲ್ಲಿ ಐಚ್ಛಿಕ ಇಂಗ್ಲಿಷ್ ತೆಗೆದುಕೊಂಡು, ನಿಘಂಟನ್ನು ಮಗ್ಗುಲಲ್ಲಿಟ್ಟುಕೊಂಡು ದಿನಕ್ಕೆ ನಾಲ್ಕೇ ಪುಟ ಓದುತ್ತಿದ್ದ ಕಾಲ ನೆನಪಾಯಿತು. ಥಾಮಸ್ ಹಾರ್ಡಿಯ 1886ರ ಕಾದಂಬರಿ ‘ದಿ ಮೇಯರ್ ಆಫ್ ಕ್ಯಾಸ್ಟರ್‌ಬ್ರಿಜ್’ ನನಗೆ ಪರದೇಶದ ಕಥೆಯೆನ್ನಿಸಲೇ ಇಲ್ಲ. ಮಳೆಗೆ ಬೆಳೆ ಕೆಡುತ್ತದೆಂದು ನಂಬಿ ದುಬಾರಿ ಬೆಲೆಗೆ ಧಾನ್ಯ ಕೊಂಡು, ಬಿಸಿಲು ಬಿದ್ದು ಬೆಲೆ ಕುಸಿದೊಡನೆ ನಷ್ಟಕ್ಕೆ ಮಾರಿ, ಮಾರಿದ ಮೇಲೆ ಹವೆ ಮತ್ತೆ ಕೆಡುವುದನ್ನು ನೋಡಬೇಕಾಗಿ ಬಂದ ಕಥಾನಾಯಕ ಹೆಂಚರ್ಡ್, ನಮ್ಮೂರ ಮೆಕ್ಕೆಜೋಳದ ರಾಶಿಯ ಪಕ್ಕ ಆಕಾಶ ದಿಟ್ಟಿಸುವ ವರ್ತಕರಲ್ಲಿ ಒಬ್ಬನಂತೆಯೇ ಕಂಡಿದ್ದ. ಪರೀಕ್ಷೆಗೆ ಬರೆದುಕೊಂಡ ಟಿಪ್ಪಣಿಗಳು ಎಲ್ಲಿ ಹೋದವೋ ತಿಳಿಯದು (ಹೋದದ್ದೇ ಒಳ್ಳೆಯದಾಯಿತು). ಆದರೆ ಅವನು ಹವಾಮಾನದ ಭವಿಷ್ಯಕಾರನ ಬಳಿಗೆ ಗುಟ್ಟಾಗಿ ಹೋಗುವ ಅಧ್ಯಾಯವನ್ನು ಅಪ್ಪನಿಗೆ ಕನ್ನಡದಲ್ಲಿ ಹೇಳಿದಾಗ ಅವರು ಕೊಂಚವೂ ನಗದೆ, ‘ನಾವು ಪಂಚಾಂಗ ನೋಡಿ ಬಿತ್ತುವುದಿಲ್ಲವೇ?’ ಎಂದು ಕೇಳಿದ್ದು ಇನ್ನೂ ಕಿವಿಯಲ್ಲಿದೆ.